ಮಾಗಿ ಚಳಿಯೂ ಮಂಕರಿಯ ಕೋಳಿಯೂ

ಧನುರ್ಮಾಸ ಹೊಕ್ಕಿತೆಂದರೆ ಹಾಸನದ ಕಡೆ ಅವರೆಕಾಯಿಗೆ ಸೊಗಡು ಏರುತ್ತದೆ, ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ಎರಡಕ್ಕೂ ಚಳಿಯೇ ಕಾರಣವೆಂಬುದು ರೂಢಿಯ ಮಾತು. ಅವರೆಯ ಸಂಗತಿ ಇರಲಿ, ಕೋಳಿಯ ಮಟ್ಟಿಗೆ ಚಳಿಗಿಂತ ದೊಡ್ಡ ಕಾರಣ ಬೆಳಕು. ಹೇಂಟೆ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮ ಹಗಲು ಸುಮಾರು ಹನ್ನೊಂದೂವರೆ ಗಂಟೆ ಮಾತ್ರ. ಫಾರಂಗಳಲ್ಲಿ ನಸುಕಿಗೇ ಬಲ್ಬು ಹೊತ್ತಿಸುವುದು ಇದಕ್ಕಾಗಿಯೇ.

ಹಾಗಾದರೆ ಚಳಿಗೆ ಕೋಳಿ ಸಾಯುವುದಿಲ್ಲವೆ? ಬೆಳೆದ ಕೋಳಿ ಸುಲಭಕ್ಕೆ ಸಾಯುವುದಿಲ್ಲ. ಅದರ ಮೈಶಾಖ ಸುಮಾರು 41 ಡಿಗ್ರಿ. ಪುಕ್ಕ ಉಬ್ಬಿಸಿ ಕೂತರೆ ಒಳಗೆ ಸಿಕ್ಕಿಕೊಂಡ ಗಾಳಿಯೇ ಅದಕ್ಕೆ ಕಂಬಳಿ. ಸಾಯಿಸುವುದು ನಮ್ಮ ಅಕ್ಕರೆ! ಮೂಡಗಾಳಿ ಬೀಸತೊಡಗಿದೊಡನೆ ಗೂಡಿನ ನಾಲ್ಕೂ ಕಡೆ ಪ್ಲಾಸ್ಟಿಕ್ ಬಿಗಿದುಬಿಡುತ್ತೇವೆ. ಉಸಿರಿನ ತೇವ ಒಳಗೇ ನಿಲ್ಲುತ್ತದೆ, ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಕೋಳಿಯ ಕಣ್ಣು ಒಸರುತ್ತದೆ, ಗಂಟಲು ಗೊರಗುಟ್ಟುತ್ತದೆ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ಗೂಡು ಉಸಿರಾಡುತ್ತಿಲ್ಲ ಎಂದೇ ಅರ್ಥ. ಗಾಳಿ ನೇರವಾಗಿ ಕೋಳಿಯ ಮೈಗೆ ಬಡಿಯದಂತೆ ಗೋಣಿತಾಟು ಕಟ್ಟಿ, ಸೂರಿನಡಿ ಗೇಣಗಲ ಕಂಡಿ ಬಿಡಬೇಕು. ಹಳಬರ ಬಿದಿರು ಮಂಕರಿಯಲ್ಲಿ ಆ ಕಂಡಿ ತಾನಾಗಿಯೇ ಇರುತ್ತಿತ್ತು. ಮನೆಯೊಳಗೇ ದನ ಕಟ್ಟುತ್ತಿದ್ದ ಕಾಲದಲ್ಲಿ ಅವುಗಳ ಮೈಬಿಸಿಯೂ ಕೋಳಿಗೆ ಸಿಗುತ್ತಿತ್ತು.

ಮರಿಗಳ ಕಥೆ ಬೇರೆ. ನಾಟಿ ಮರಿಗೆ ತಾಯಿಯ ರೆಕ್ಕೆಯಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ತಳಿಯ ಮರಿಗಳು ತಾಯಿಯಿಲ್ಲದೆ ಡಬ್ಬದಲ್ಲಿ ಬರುತ್ತವೆ. ಮೊದಲ ವಾರ ಅವಕ್ಕೆ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಬಹುದು. ಥರ್ಮಾಮೀಟರ್ ಇಲ್ಲವೆ? ಮರಿಗಳನ್ನೇ ನೋಡಿ. ಬಲ್ಬಿನಡಿ ಒಂದರ ಮೇಲೊಂದು ಬಿದ್ದಿದ್ದರೆ ಕಾವು ಸಾಲದು, ದೂರ ಸರಿದು ಬಾಯಿ ತೆರೆದಿದ್ದರೆ ಹೆಚ್ಚಾಯಿತು, ಹರಡಿಕೊಂಡು ಮೇಯುತ್ತಿದ್ದರೆ ಸರಿ. ರಾತ್ರಿ ಕರೆಂಟು ಹೋದಾಗ ಮರಿಗಳು ಮೂಲೆಗೆ ಒತ್ತಿಕೊಂಡು ಅಡಿಯವು ಉಸಿರುಗಟ್ಟಿ ಸಾಯುತ್ತವೆ. ಆದ್ದರಿಂದ ಮೂಲೆಯಿಲ್ಲದಂತೆ ತಗಡನ್ನು ದುಂಡಗೆ ನಿಲ್ಲಿಸುವುದು ಒಳ್ಳೆಯದು. ಕೆಂಡದ ಬಾಣಲೆಯನ್ನಂತೂ ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಅದರ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾವಲಿಗೆ ಮಲಗಿದವನನ್ನೂ ಅದು ಬಿಡದು.

ನೆಲಕ್ಕೆ ಹೊಳೆನರಸೀಪುರ, ಅರಕಲಗೂಡಿನ ಗದ್ದೆಸೀಮೆಯವರಿಗೆ ಭತ್ತದ ಹೊಟ್ಟು ಇದ್ದೇ ಇದೆ, ಚನ್ನರಾಯಪಟ್ಟಣದ ತೆಂಗಿನ ತೋಟದವರಿಗೆ ನಾರಿನ ಪುಡಿ. ಯಾವುದಾದರೂ ಸರಿ, ಒಣಗಿರಬೇಕು, ಆಗಾಗ ಕೆದಕಿ ಮಗುಚಬೇಕು. ಸಂಜೆ ಗೂಡು ಸೇರುವ ಮುನ್ನ ಒಂದು ಹಿಡಿ ಮುಸುಕಿನ ಜೋಳ ಎರಚಿದರೆ ಅದು ರಾತ್ರಿಯಿಡೀ ನಿಧಾನವಾಗಿ ಅರಗುತ್ತ ಮೈಗೆ ಬಿಸಿ ಕೊಡುತ್ತದೆ.

ಬಿಸಿಲೇರಿದ ಮೇಲೂ ಪುಕ್ಕ ಉಬ್ಬಿಸಿ ತೂಕಡಿಸುವ ಕೋಳಿಯನ್ನು ಮಾತ್ರ ಚಳಿಯ ಲೆಕ್ಕಕ್ಕೆ ಸೇರಿಸಬೇಡಿ. ಹಸಿರು ಹಿಕ್ಕೆ ಹಾಕುತ್ತ ಕತ್ತು ತಿರುಚತೊಡಗಿದರೆ ಅದು ಕೊಕ್ಕರೆ ರೋಗವಿರಬಹುದು. ಒಡನೆಯೇ ಅದನ್ನು ಬೇರೆ ಇರಿಸಿ ಪಶುವೈದ್ಯರಿಗೆ ತಿಳಿಸಬೇಕು. ಆ ರೋಗಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೊಂದು ಹನಿ, ಎಂಟನೇ ವಾರದ ಹೊತ್ತಿಗೆ ಒಂದು ಚುಚ್ಚುಮದ್ದು.