ಹಳೇ ಸೊಸೈಟಿಯ ಫ್ಲ್ಯಾಟ್ ಕೊಳ್ಳುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಸೊಲ್ಲಾಪುರ, ಪುಣೆ, ಮುಂಬೈಗೆ ದುಡಿಯಲು ಹೋದ ಹಲವರ ಕಣ್ಣು ಹಳೇ ಸಹಕಾರಿ ಸೊಸೈಟಿಗಳ ಫ್ಲ್ಯಾಟ್ ಮೇಲೆ. ಪುಣೆಯಲ್ಲಿರುವ ನಮ್ಮ ಮಾಮಾನದೂ ಅದೇ ಕತೆ. ಕೈಯಲ್ಲಿರುವುದು ಊರಿನ ಲಿಂಬೆ ತೋಟ ಮಾರಿದ ದುಡ್ಡು. ಬಿಇ ಸಿವಿಲ್ ಓದುವ ನನಗೆ ದಿನಾ ಫೋನು.

ಇಂಥ ಸೊಸೈಟಿ ಹೊಸತೇನಲ್ಲ. ಮುಂಬೈನ ಗಾಮದೇವಿಯಲ್ಲಿ ಸಾರಸ್ವತರು 1915ರಲ್ಲೇ ಕಟ್ಟಿಕೊಂಡಿದ್ದರು.

ಮಾಮಾ ನೋಡಿದ ಕಡೆ ಕೋಣೆಗಳು ದೊಡ್ಡವು, ಬಸ್ ನಿಲ್ದಾಣ ಹತ್ತಿರ, ದರವೂ ಕಡಿಮೆ. ಹಾಗಂತ ಹೊಸ ಬಣ್ಣಕ್ಕೆ ಮರುಳಾಗಬಾರದು. ಮಹಾರಾಷ್ಟ್ರದ ಮಾದರಿ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಆ ವರದಿ ಕೇಳಿ. ಸ್ಲ್ಯಾಬಿನಡಿ ಕಂದು ಕಲೆ, ಕಾಲಮ್ಮಿನುದ್ದಕ್ಕೂ ಬಿರುಕು ಕಂಡರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿರುವ ಸಾಧ್ಯತೆಯೇ ಹೆಚ್ಚು. ಮೇಲೆ ಪ್ಲಾಸ್ಟರ್ ಬಳಿದರೆ ಅದು ಮುಚ್ಚುತ್ತದೆ, ವಾಸಿಯಾಗುವುದಿಲ್ಲ.

ಷೇರು ಸರ್ಟಿಫಿಕೇಟ್, ಬಾಕಿ ಇಲ್ಲವೆಂಬ ಪತ್ರ ಬೇಕೇ ಬೇಕು. ಜಾಗ ಬಿಲ್ಡರ್‌ನಿಂದ ಸೊಸೈಟಿ ಹೆಸರಿಗೆ ಬಂದಿದೆಯೇ ನೋಡಿ. ಇಲ್ಲದಿದ್ದರೆ ಮುಂದೆ ಕೆಡವಿ ಕಟ್ಟುವಾಗ ತಕರಾರು ಖಾತ್ರಿ.

ಮಾಮಾ ಆಡಿಟ್ ವರದಿ ಕೇಳಿ ತಿಂಗಳಾಯಿತು, ಸಿಕ್ಕಿಲ್ಲ. ಸಿಗುವವರೆಗೆ ಮುಂಗಡ ಕೊಡಬೇಡಿ ಎಂದಿದ್ದೇನೆ. 'ಮನಿ ಕೈತಪ್ಪಿ ಹೋದ್ರ?' ಅಂತಾರೆ ಅತ್ತಿ. ಹೋಗಲಿ ಬಿಡ್ರಿ.