ಶಕ್ತಿನಗರದ ಬೂದಿ, ಹುಮನಾಬಾದಿನ ಲೆಕ್ಕ

ಬಸವಕಲ್ಯಾಣ ತಾಲ್ಲೂಕಿನಲ್ಲಿ ಸುರಿಯುವ ಮಳೆ ಎರಡು ದಾರಿ ಹಿಡಿಯುತ್ತದೆ. ಚುಳುಕಿ ನಾಲೆಯ ನೀರು ಮಾಂಜ್ರಾದ ಮೂಲಕ ಗೋದಾವರಿಯನ್ನು ಸೇರಿದರೆ, ಮುಲ್ಲಾಮಾರಿಯ ನೀರು ಕಾಗಿಣಾ ಹಾಗೂ ಭೀಮಾ ನದಿಗಳೊಡನೆ ಬೆರೆತು ಕೃಷ್ಣೆಗೆ ಇಳಿಯುತ್ತದೆ. ಭೀಮೆಯು ಕೃಷ್ಣೆಯಲ್ಲಿ ಲೀನವಾಗುವ ಸಂಗಮದಿಂದ ಹೆಚ್ಚು ದೂರವಿಲ್ಲದ ದೇವಸೂಗೂರಿನ ಬಳಿ, ನದಿಯ ಬಲದಂಡೆಯ ಮೇಲೆ ಶಕ್ತಿನಗರದ ಚಿಮಣಿಗಳು ನಿಂತಿವೆ. ಬೀದರ್ ಜಿಲ್ಲೆಯ ಉದ್ಯಮಿಗೆ ಆ ಊರಿನೊಡನೆ ನೀರಿನ ಸಂಬಂಧವಿದೆ, ವಿದ್ಯುತ್ತಿನ ಸಂಬಂಧವಿದೆ. ವ್ಯಾಪಾರದ ಸಂಬಂಧ ಮಾತ್ರ ಇನ್ನೂ ತೆಳುವಾಗಿಯೇ ಉಳಿದಿದೆ.

1985ರವರೆಗೆ ಕರ್ನಾಟಕದ ವಿದ್ಯುತ್ತು ಬಹುಮಟ್ಟಿಗೆ ಶರಾವತಿಯಂಥ ಜಲಮೂಲಗಳನ್ನೇ ನಂಬಿತ್ತು. ಮುಂಗಾರು ಕೈಕೊಟ್ಟ ವರ್ಷ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ ತಪ್ಪುತ್ತಿರಲಿಲ್ಲ. ಆ ವರ್ಷ ಕರ್ನಾಟಕ ವಿದ್ಯುತ್ ನಿಗಮವು ಇಲ್ಲಿ 210 ಮೆಗಾವಾಟಿನ ಮೊದಲ ಘಟಕವನ್ನು ಆರಂಭಿಸಿತು. ಇದು ರಾಜ್ಯದ ಮೊದಲ ದೊಡ್ಡ ಶಾಖೋತ್ಪನ್ನ ಕೇಂದ್ರ. ಮುಂದೆ ಅಂಥ ಏಳು ಘಟಕಗಳೂ 2010ರಲ್ಲಿ 250 ಮೆಗಾವಾಟಿನ ಎಂಟನೆಯದೂ ಸೇರಿ ಸ್ಥಾಪಿತ ಸಾಮರ್ಥ್ಯ 1720 ಮೆಗಾವಾಟಿಗೆ ಏರಿತು. ಹೊಲಗಳಿದ್ದ ಜಾಗದಲ್ಲಿ ಸಿಬ್ಬಂದಿ ವಸತಿಗಳು, ಶಾಲೆ, ಪೇಟೆ ಎದ್ದು, ಹಳ್ಳಿಗೆ ಹೊಸ ಹೆಸರೇ ಬಂದಿತು.

ಒಂದು ಕುತೂಹಲದ ಸಂಗತಿ: ಅದೇ 1985ರಲ್ಲಿ ರಷ್ಯಾದ ವೋಲ್ಗಾ ನದಿಯ ಬಾಲಕೋವೊ ಪಟ್ಟಣದಲ್ಲಿ 1000 ಮೆಗಾವಾಟಿನ ಪರಮಾಣು ಘಟಕವೊಂದು ವಿದ್ಯುತ್ ನೀಡಲು ತೊಡಗಿತು. 1993ರ ಹೊತ್ತಿಗೆ ಅಂಥ ನಾಲ್ಕು ಘಟಕಗಳಾದವು. ಅದಕ್ಕೂ ಮುನ್ನವೇ ನದಿಗೆ ಅಡ್ಡಲಾಗಿ ಜಲವಿದ್ಯುತ್ ಕೇಂದ್ರವಿತ್ತು. ರಸಗೊಬ್ಬರದ ಕಾರ್ಖಾನೆಯೂ ಉಂಟು. ನದಿ ಮತ್ತು ವಿದ್ಯುತ್ತು ಕೂಡಿ ಊರೊಂದನ್ನು ಕಟ್ಟಿದ ಬಗೆ ಎರಡೂ ಕಡೆ ಒಂದೇ. ಆದರೆ ಪರಮಾಣು ಕೇಂದ್ರ ಬೂದಿಯ ಬೆಟ್ಟವನ್ನು ಬಿಡುವುದಿಲ್ಲ. ಶಕ್ತಿನಗರದ ಕಥೆಯ ಅರ್ಧಭಾಗ ಬೂದಿಯದೇ.

ಎಲ್ಲ ಘಟಕಗಳೂ ಪೂರ್ಣವಾಗಿ ಓಡಿದರೆ ದಿನಕ್ಕೆ ಸುಮಾರು ನಾಲ್ಕು ಕೋಟಿ ಯೂನಿಟ್ ಉತ್ಪಾದನೆ. ಯೂನಿಟ್ಟಿಗೆ 0.7 ಕಿಲೋ ಕಲ್ಲಿದ್ದಲೆಂದರೆ 28 ಸಾವಿರ ಟನ್, ಅಂದರೆ ಏಳೆಂಟು ರೇಕುಗಳು. ಸಿಂಗರೇಣಿ, ಮಹಾನದಿ ಮೊದಲಾದ ಗಣಿಗಳಿಂದ ಬರುವ ಈ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಭಾಗದಷ್ಟು ಬೂದಿಯೇ. ಅಂದಮೇಲೆ ದಿನಕ್ಕೆ ಒಂಬತ್ತು ಸಾವಿರ ಟನ್ನಿಗೂ ಮಿಕ್ಕಿದ ಬೂದಿಗೆ ದಾರಿ ತೋರಬೇಕು. ಒಣಬೂದಿ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುತ್ತದೆ. ಉಳಿದದ್ದು ನೀರಿನೊಡನೆ ಬೂದಿ ಕೊಳಕ್ಕೆ. ಬೇಸಿಗೆಯ ಗಾಳಿಗೆ ಏಳುವ ಧೂಳನ್ನು ಸಹಿಸುವವರು ಸುತ್ತಲಿನ ಹಳ್ಳಿಗರು. ಮೊಸಳೆಗಳೂ ನಡುಗಡ್ಡೆಗಳೂ ಇರುವ, ಮಾಣಿಕನಗರದ ದತ್ತಭಕ್ತರು ಕುರವಪುರದ ಯಾತ್ರೆಗೆ ಹೋಗುವ ಕೃಷ್ಣೆಯ ಪಾತ್ರವಿದು ಎಂಬುದನ್ನು ಲೆಕ್ಕಪುಸ್ತಕದ ಯಾವ ಖಾತೆಯೂ ತೋರಿಸದು. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಕೇಂದ್ರವೂ ಮೇಲಿನ ನಾರಾಯಣಪುರದ ನೀರಿನತ್ತ ಕಣ್ಣುಹಾಯಿಸಬೇಕಾಗುತ್ತದೆ.

ವಿದ್ಯುತ್ ಬಿಲ್ಲಿನ ಮಾತು. ಕಲ್ಲಿದ್ದಲಿಗೆ ಜಿ.ಎಸ್.ಟಿ. ಉಂಟು, ವಿದ್ಯುತ್ತಿಗೆ ಇಲ್ಲ. ಆದ್ದರಿಂದ ಉತ್ಪಾದಕನು ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯದೆ, ಅದು ದರದೊಳಗೆ ಅಡಗಿ ಹುಮನಾಬಾದಿನ ಗಿರಣಿಯವರೆಗೂ ಬರುತ್ತದೆ. 2025ರ ಸೆಪ್ಟೆಂಬರ್ 22ರವರೆಗೆ ಕಲ್ಲಿದ್ದಲಿಗೆ ಶೇ. 5 ತೆರಿಗೆಯೊಡನೆ ಟನ್ನಿಗೆ 400 ರೂ. ಸೆಸ್ ಇತ್ತು. ಅಂದಿನಿಂದ ಸೆಸ್ ಹೋಗಿ ತೆರಿಗೆ ಶೇ. 18 ಆಯಿತು. ಟನ್ನಿಗೆ 2,000 ರೂ. ಬೆಲೆಯ ಕಲ್ಲಿದ್ದಲಿನ ಮೇಲಿನ ಭಾರ 500 ರೂ.ನಿಂದ 360ಕ್ಕೆ ಇಳಿಯಿತು. ಆದರೆ 4,000 ರೂ. ಬೆಲೆಯದಾದರೆ 600 ರೂ. ಇದ್ದದ್ದು 720 ಆಯಿತು. ಇಬ್ಭಾಗದ ಗೆರೆ ಸುಮಾರು 3,077 ರೂ. ದರ ಇಳಿಯಿತೆಂದು ಹಿಗ್ಗುವ ಮುನ್ನ, ಯಾವ ಗಣಿಯ ಕಲ್ಲಿದ್ದಲು ಎಷ್ಟು ಉರಿಯುತ್ತಿದೆ ಎಂಬುದನ್ನು ವಿಚಾರಿಸುವುದು ಲೇಸು.

ಇನ್ನು ಬೂದಿ ಇಟ್ಟಿಗೆ. ಕೇಂದ್ರ ಪರಿಸರ ಸಚಿವಾಲಯವು 1999ರಲ್ಲಿ ಹಾರುಬೂದಿಯ ಬಳಕೆ ಕುರಿತು ಮೊದಲ ಅಧಿಸೂಚನೆ ಹೊರಡಿಸಿದಾಗ ಅದರ ವ್ಯಾಪ್ತಿ ಸ್ಥಾವರದಿಂದ 50 ಕಿ.ಮೀ. ಮಾತ್ರ. 2016ರಲ್ಲಿ ಅದು 300 ಕಿ.ಮೀ.ಗೆ ಹಿಗ್ಗಿತು. 2021ರ ಡಿಸೆಂಬರಿನ ಅಧಿಸೂಚನೆಯಂತೆ ಬೂದಿಯನ್ನು ಪೂರ್ಣ ಬಳಸಲಾಗದ ಸ್ಥಾವರವು ಉಳಿದ ಬೂದಿಗೆ ಟನ್ನಿಗೆ 1,000 ರೂ. ಪರಿಸರ ಪರಿಹಾರ ತೆರಬೇಕು. ಬೂದಿಯನ್ನು ಒಯ್ಯುವವನಿಗೆ ಚೌಕಾಸಿಯ ಬಲ ಬಂದದ್ದು ಇಲ್ಲಿಂದಲೇ. ಬೀದರ್ ಜಿಲ್ಲೆಯಿಡೀ ಶಕ್ತಿನಗರದ 300 ಕಿ.ಮೀ. ವ್ಯಾಪ್ತಿಯೊಳಗಿದೆ.

ಆದರೆ ಬೂದಿ ಅಗ್ಗವಾದ ಮಾತ್ರಕ್ಕೆ ಇಟ್ಟಿಗೆ ಅಗ್ಗವಾಗದು. ಮೂರು ಕಿಲೋ ತೂಕದ ಇಟ್ಟಿಗೆಯಲ್ಲಿ ಒಂದೂಮುಕ್ಕಾಲು ಕಿಲೋದಷ್ಟು ಬೂದಿಯೆಂದು ಹಿಡಿದರೆ ಟನ್ನಿಗೆ 570ರಷ್ಟು ಇಟ್ಟಿಗೆ. ಸಾಗಾಣಿಕೆ ಟನ್ನಿಗೆ 1,000 ರೂ. ಎಂದಿಟ್ಟುಕೊಂಡರೆ, ಸಿಮೆಂಟು, ಕಲ್ಲುಪುಡಿ, ಕೂಲಿ ಇವೆಲ್ಲಕ್ಕೂ ಮೊದಲೇ ಇಟ್ಟಿಗೆಯ ಮೇಲೆ 1 ರೂ. 75 ಪೈಸೆ ಬಿದ್ದಿತು. ಮೇಲಾಗಿ ಒಣಬೂದಿಗೆ ಮುಚ್ಚಿದ ಬಲ್ಕರ್ ಬೇಕು. ಬೂದಿ ತರಲು ಹೋಗುವ ಬಲ್ಕರ್‌ಗೆ ಸಕ್ಕರೆ ಚೀಲವನ್ನೋ ತೊಗರಿಯನ್ನೋ ತುಂಬಿ ಕಳುಹಿಸಲಾಗದು. ಹೋಗುವಾಗ ಖಾಲಿ, ಬಾಡಿಗೆ ಎರಡೂ ಕಡೆಯದು. ಕೊಳದ ಹಸಿ ಬೂದಿಯಾದರೆ ತಾಡಪಾಲು ಹೊದಿಸಿದ ಟಿಪ್ಪರಿನಲ್ಲಿ ತರಬಹುದು, ಆದರೆ ತೇವಕ್ಕೂ ಬಾಡಿಗೆ ಕೊಟ್ಟಂತಾಯಿತು.

ಇಲ್ಲಿಯೇ ಬಸವಕಲ್ಯಾಣದವರು ನಕ್ಷೆಯನ್ನು ಇನ್ನೊಮ್ಮೆ ನೋಡಬೇಕು. ರಾಷ್ಟ್ರೀಯ ಹೆದ್ದಾರಿ 65ರ ಮೇಲೆ ಪಶ್ಚಿಮಕ್ಕೆ ಹೊರಟರೆ ಸೊಲ್ಲಾಪುರ. ಅದರ ಸಮೀಪ ಎನ್.ಟಿ.ಪಿ.ಸಿ.ಯ 660 ಮೆಗಾವಾಟಿನ ಎರಡು ಘಟಕಗಳು 2017 ಮತ್ತು 2019ರಲ್ಲಿ ಆರಂಭವಾಗಿವೆ. ಅದು ಕುಡಿಯುವುದೂ ಭೀಮೆಯ ನೀರನ್ನೇ, ಉಜನಿ ಜಲಾಶಯದಿಂದ. ಸಾಗಾಣಿಕೆಯ ದೃಷ್ಟಿಯಿಂದ ಬಸವಕಲ್ಯಾಣಕ್ಕೆ ಶಕ್ತಿನಗರಕ್ಕಿಂತ ಸೊಲ್ಲಾಪುರವೇ ಹತ್ತಿರ. ಕಲಬುರಗಿಯ ಕಡೆ ವ್ಯವಹಾರವಿರುವ ಹುಮನಾಬಾದಿನವರಿಗೂ ಎರಡು ಕಡೆಯ ದರಗಳನ್ನು ಹೋಲಿಸುವ ಅವಕಾಶವಿದೆ. ರಾಜ್ಯ ಬೇರೆಯಾದುದರಿಂದ ಐ.ಜಿ.ಎಸ್.ಟಿ. ಬೀಳುವುದೆಂಬ ಅಂಜಿಕೆ ಅನಾವಶ್ಯಕ. ನೋಂದಾಯಿತ ತಯಾರಕನು ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತಿದ್ದರೆ ಅದು ಜಮೆಯಾಗುತ್ತದೆ, ಜಮೆಯಿಲ್ಲದ ತೆರಿಗೆ ದರವನ್ನು ಆಯ್ದುಕೊಂಡವನಿಗೆ ಮಾತ್ರ ಅದು ವೆಚ್ಚ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಯ ಬಾಡಿ ಕಟ್ಟುವ ಕೈಗಳಿಗೆ ಬಲ್ಕರ್ ದುರಸ್ತಿಯ ಕೆಲಸವೂ ಒಂದು ದಾರಿಯಾದೀತು.

ಬ್ಯಾಂಕಿನ ಸಾಲಕ್ಕೆ ಯೋಜನಾ ವರದಿ ಬರೆಸುವವರು ಒಂದು ಅಂಶವನ್ನು ಬಿಡಬಾರದು. ಮಳೆಗಾಲದಲ್ಲಿ ಜಲವಿದ್ಯುತ್ತೂ ಗಾಳಿ ವಿದ್ಯುತ್ತೂ ಧಾರಾಳವಾಗಿ, ಬೇಡಿಕೆ ತಗ್ಗಿದಾಗ ಶಕ್ತಿನಗರದ ಕೆಲವು ಘಟಕಗಳನ್ನು ನಿಲ್ಲಿಸುವುದುಂಟು. ಘಟಕ ನಿಂತರೆ ಆ ದಿನದ ಒಣಬೂದಿಯೂ ಇಲ್ಲ. ವರ್ಷದ ಹನ್ನೆರಡು ತಿಂಗಳೂ ಒಂದೇ ಪ್ರಮಾಣದ ಪೂರೈಕೆ ತೋರಿಸುವ ವರದಿ ಕಾಗದದ ಮೇಲೆ ಮಾತ್ರ ಲಾಭ ತರುತ್ತದೆ. ಮೇ ತಿಂಗಳ ಅಂತ್ಯದೊಳಗೆ ಎರಡು ತಿಂಗಳ ಬೂದಿಯನ್ನು ಸೂರಿನಡಿ ದಾಸ್ತಾನು ಮಾಡಲು ಬೇಕಾಗುವ ದುಡಿಯುವ ಬಂಡವಾಳವನ್ನು ಮೊದಲ ವರ್ಷದ ಅಂದಾಜಿನಲ್ಲಿಯೇ ಸೇರಿಸಿ ಕೇಳುವುದು ಉಚಿತ.