ಗಾಲಿಯ ಮೇಲಿನ ಮಳೆಮನೆ

ನಮ್ಮ ಹಿತ್ತಲಿನಲ್ಲಿ ಒಂದು ಹಳೆಯ ಟ್ರೇಲರ್ ನಿಂತಿದೆ. ಹಾನಗಲ್ಲ ಕಡೆಯ ಹಳ್ಳಿಗಳಲ್ಲಿ ಇದಕ್ಕೆ ‘ಟೇಲರ್’ ಎಂದೇ ಹೆಸರು. ಬಟ್ಟೆ ಹೊಲಿಯುವ ಟೇಲರನಿಗೂ ಇದಕ್ಕೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಆದರೆ ನನ್ನ ಟ್ರೇಲರಿನ ವಿಷಯದಲ್ಲಿ ಅವನಿಗೂ ಎರಡು ದಿನ ಕೆಲಸ ಬಿತ್ತು. 10 ಅಡಿ ಉದ್ದ, 6 ಅಡಿ ಅಗಲದ ತೊಟ್ಟಿಯ ಮೇಲೆ ಐದು ಬಿದಿರಿನ ಕಮಾನು, ಕಮಾನಿನ ಮೇಲೆ ಹೊಲಿದ ತಾಡಪತ್ರಿ, ಒಳಗೆ ಮಲಗಲು ಹಾಸಿಗೆ. ಶಾಲೆ ಬಿಟ್ಟ ಮೇಲೆ ನೋಡಲು ಬರುವ ಹುಡುಗರದು ಮೊದಲ ಪ್ರಶ್ನೆ ಒಂದೇ: “ಸರ್, ಮಳಿ ಬಂದ್ರ ಸೋರಂಗಿಲ್ಲೇನ್ರಿ?” ಎರಡನೆಯದು, “ಮತ್ತ ಇಷ್ಟು ದೊಡ್ಡ ಕಿಂಡಿ ಯಾಕ ಬಿಟ್ಟೀರ್ರಿ?”

ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಹಿಂದಿನ ಒಂದು ರಾತ್ರಿಯ ಸಂಗತಿ ಹೇಳಬೇಕು. ಅದಕ್ಕೂ ಮೊದಲು ನಮ್ಮ ಅಜ್ಜಿಯ ಬಂಡಿಯ ಸುದ್ದಿ.

ಗಾಲಿಯ ಮೇಲೆ ಮನೆ ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. ಉಳವಿಯ ಚನ್ನಬಸವೇಶ್ವರ ಜಾತ್ರೆಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ಇಂದಿಗೂ ಇದ್ದಾರೆ. ದಾರಿಯಲ್ಲಿ ಚಕ್ಕಡಿಯೇ ಅಡಿಗೆ ಮನೆ, ಚಕ್ಕಡಿಯೇ ಮಲಗುವ ಮನೆ. ಅಜ್ಜಿಯ ಕಾಲದ ಸವಾರಿ ಬಂಡಿಗೆ ಬಿದಿರ ದಬ್ಬೆಯನ್ನು ಬಾಗಿಸಿ ಕೊಲ್ಲಾರಿ ಕಟ್ಟುತ್ತಿದ್ದರು. ಅದಕ್ಕೆ ಒಳಗಿನಿಂದ ಚಾಪೆ, ಮಳೆಯ ಲಕ್ಷಣ ಕಂಡರೆ ಮೇಲೊಂದು ಕರಿ ಕಂಬಳಿ. ಉಣ್ಣೆಯ ಗುಣ ವಿಚಿತ್ರವಾದದ್ದು. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಗಳೊಳಗೆ ಹೀರಿಕೊಂಡರೂ ಮುಟ್ಟಿದವರಿಗೆ ಅದು ಒದ್ದೆ ಎನಿಸುವುದಿಲ್ಲ. ಕುರಿಯ ಮೈಯ ಜಿಡ್ಡು ಸ್ವಲ್ಪ ಉಳಿದಿದ್ದರೆ ಹನಿಗಳು ಜಾರಿ ಹೋಗುತ್ತವೆ. ಜಡಿಮಳೆಯನ್ನು ಅದು ಇಡೀ ರಾತ್ರಿ ತಡೆಯಲಾರದು, ಅದು ನಿಜ. ಆದರೆ ಕಂಬಳಿ, ಚಾಪೆ ಎರಡೂ ಉಸಿರಾಡುತ್ತವೆ. ಈ ಮಾತಿನ ಬೆಲೆ ನನಗೆ ತಿಳಿದದ್ದು ತಡವಾಗಿ.

ಬೇರೆ ದೇಶಗಳಲ್ಲೂ ಇದೇ ಕಥೆ. ಅಮೆರಿಕದ ಬಯಲು ದಾಟಿ ಪಶ್ಚಿಮಕ್ಕೆ ಹೋದ ವಲಸೆಗಾರರು ಬಂಡಿಯ ಮೇಲೆ ಕಟ್ಟಿಗೆಯ ಕಮಾನು ಕಟ್ಟಿ, ಕ್ಯಾನ್ವಾಸಿಗೆ ಅಗಸಿ ಎಣ್ಣೆ ಸವರುತ್ತಿದ್ದರು. ಅಗಸಿ ಚಟ್ನಿಯನ್ನು ರೊಟ್ಟಿಯೊಂದಿಗೆ ತಿನ್ನುವ ನಮಗೆ ಆ ಎಣ್ಣೆ ಗಾಳಿಯ ಆಕ್ಸಿಜನ್ ಹೀರಿ ಗಟ್ಟಿಯಾದ ಪೊರೆಯಾಗುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. (ಪ್ರಯೋಗ ಮಾಡುವವರು ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡಿರಿ, ಅದು ತಾನಾಗಿಯೇ ಕಾಯ್ದು ಹೊತ್ತಿಕೊಳ್ಳುವುದುಂಟು.) ಬ್ರಿಟನ್ನಿನಲ್ಲಿ 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯರು ಬರಿಯ ತಿರುಗಾಟಕ್ಕೆಂದೇ ‘ವಾಂಡರರ್’ ಎಂಬ ಕುದುರೆ ಬಂಡಿಯ ಮನೆ ಕಟ್ಟಿಸಿಕೊಂಡರು. ಇಂದಿನ ಮೋಟಾರು ಕಾರವಾನುಗಳ ಪೂರ್ವಜರಲ್ಲಿ ಅದೂ ಒಂದು.

ಇನ್ನು ಆ ರಾತ್ರಿ. 1994ರ ಸೀಗಿ ಹುಣ್ಣಿಮೆ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮೇಷ್ಟ್ರಾಗಿ ಹೆಚ್ಚು ದಿನವಾಗಿರಲಿಲ್ಲ. ಶಿಗ್ಗಾಂವಿ ಕಡೆಯ ಸೋದರಮಾವನ ಟ್ರ್ಯಾಕ್ಟರಿಗೆ ಟ್ರೇಲರ್ ಹಚ್ಚಿ ಮನೆ ಮಂದಿಯೆಲ್ಲ ಸವದತ್ತಿಗೆ ಹೊರಟಿದ್ದೆವು. ಮಳೆಗೆ ಹೊದಿಕೆ ಕಟ್ಟುವ ಜವಾಬ್ದಾರಿ, ವಿಜ್ಞಾನ ಓದಿದವನೆಂದು, ನನ್ನದು. ಹೊಸ ಪ್ಲಾಸ್ಟಿಕ್ ತಾಡಪತ್ರಿ ತಂದು ನಾಲ್ಕೂ ಕಡೆ ಸುತಳಿಯಿಂದ ಹೊಲಿದಂತೆ ಬಿಗಿದೆ. ಒಂದು ಹನಿ ಒಳಗೆ ಬರಬಾರದು ಎಂಬ ಹಟ. ಅಜ್ಜಿ ಸುತ್ತಲೂ ನೋಡಿ, “ಮಳಿ ಹೊರಗ ಇರಲೋ ತಮ್ಮಾ, ಗಾಳಿನ್ಯಾಕ ಹೊರಗ ಹಾಕಿದಿ?” ಎಂದಳು. ನಾನು ನಕ್ಕೆ.

ಜೋಗುಳಬಾವಿಯ ಹತ್ತಿರ ಬಿಡಾರ ಹೂಡಿದಾಗ ಮಳೆ ಶುರುವಾಯಿತು. ಏಳು ಜನ ಒಳಗೆ ಸೇರಿ ಮಲಗಿದೆವು. ಒಂದೂವರೆ ತಾಸಿನಲ್ಲಿ ಮುಖದ ಮೇಲೆ ಹನಿ ಬಿತ್ತು. ಆಮೇಲೆ ಇನ್ನೊಂದು. “ತಾಡಪತ್ರಿ ಸೋರಾಕತ್ತೈತಿ” ಎಂದರು ಅಪ್ಪ. ನಾನು ಎದ್ದು, ಉಳಿದಿದ್ದ ಒಂದೆರಡು ಸಂದಿಗಳನ್ನೂ ಗೋಣಿಯಿಂದ ತುರುಕಿ ಮುಚ್ಚಿದೆ. ಹಾಸಿಗೆ ಒದ್ದೆ, ಚಳಿ ಬೇರೆ. ಆರಿಸೋಣವೆಂದು ಶೇಗಡಿಯಲ್ಲಿ ಇದ್ದಿಲು ಹೊತ್ತಿಸಿ ಒಳಗೇ ಇಟ್ಟೆ. ಅದೇ ತಿಂಗಳು ತರಗತಿಯಲ್ಲಿ ಇಂಗಾಲದ ಆಕ್ಸೈಡುಗಳ ಪಾಠ ಮಾಡಿದ್ದವನು ನಾನೇ!

ನಮ್ಮೆಲ್ಲರಿಗೂ ತಲೆ ನೋಯತೊಡಗಿತು. ದಣಿವು ಎಂದುಕೊಂಡೆವು. ಶೇಗಡಿಯ ಪಕ್ಕದಲ್ಲಿದ್ದ ಹದಿನಾಲ್ಕು ವರ್ಷದ ತಂಗಿ ವಾಂತಿ ಮಾಡಿಕೊಂಡು, ಕರೆದರೆ ಓಗೊಡದಂತಾದಳು. ಕುಡುಗೋಲಿನಿಂದ ಸುತಳಿ ಕೊಯ್ದು ಹೊದಿಕೆ ಎತ್ತಿ ಎಸೆದದ್ದು ಅಜ್ಜಿ. ತಂಗಿಯನ್ನು ಸುರಿಯುವ ಮಳೆಯಲ್ಲೇ ಹೊರಗೆ ಮಲಗಿಸಿದರು. ಹತ್ತು ನಿಮಿಷದಲ್ಲಿ ಕಣ್ಣು ತೆರೆದಳು. ಟ್ರ್ಯಾಕ್ಟರಿನಲ್ಲಿ ದವಾಖಾನೆಗೆ ಒಯ್ದಾಗ ಡಾಕ್ಟರು ಕೇಳಿದ ಮೊದಲ ಮಾತು, “ಒಳಗೆ ಇದ್ದಿಲು ಹೊತ್ತಿಸಿದ್ದಿರೇನು?” ಎಂದು. ಅವರ ಮುಖ ನೋಡಲು ನನಗಾಗಲಿಲ್ಲ.

ಬೆಳಿಗ್ಗೆ ತಾಡಪತ್ರಿಯನ್ನು ಬಿಚ್ಚಿ, ಬಿಸಿಲಿಗೆ ಹಿಡಿದು ತೂತು ಹುಡುಕಿದೆ. ಒಂದೂ ಇರಲಿಲ್ಲ.

ಹಾಗಾದರೆ ನೀರು ಬಂದದ್ದೆಲ್ಲಿಂದ? ನಮ್ಮಿಂದಲೇ. ಮಲಗಿದ ಮನುಷ್ಯನ ಉಸಿರು ಮತ್ತು ಮೈಯಿಂದ ಎಂಟು ತಾಸಿನಲ್ಲಿ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಏಳು ಜನರದು ತಾಸಿಗೆ 200 ಗ್ರಾಂ ದಾಟುತ್ತದೆ. ಒದ್ದೆ ಬಟ್ಟೆಯ ಲೆಕ್ಕ ಬೇರೆ. ಆ ಹೊದಿಕೆಯ ಒಳಗಿನ ಜಾಗ ಹೆಚ್ಚೆಂದರೆ 7 ಘನ ಮೀಟರ್. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು 17 ಗ್ರಾಂ ನೀರಾವಿಯನ್ನು ಮಾತ್ರ. ಅಂದರೆ ಒಳಗಿನ ಗಾಳಿ ಪೂರ್ತಿ ಒಣಗಿದ್ದರೂ 120 ಗ್ರಾಮಿಗೆ ಅದರ ಹೊಟ್ಟೆ ತುಂಬುತ್ತಿತ್ತು. ಮಳೆಗಾಲದ ಗಾಳಿ ಮೊದಲೇ ತುಂಬಿಕೊಂಡಿರುತ್ತದೆ. ಮಳೆಯಿಂದ ತಣ್ಣಗಾದ ಪ್ಲಾಸ್ಟಿಕ್ಕಿನ ಒಳಮೈಗೆ ಆ ಆವಿ ತಾಗಿ ಹನಿಯಾಯಿತು; ಅಕ್ಕಿ ಬೇಯುವಾಗ ಪಾತ್ರೆಯ ಮುಚ್ಚಳಕ್ಕೆ ಹನಿ ಕಟ್ಟುವುದಿಲ್ಲವೇ, ಹಾಗೆ. ಅದನ್ನು ಸೋರಿಕೆ ಎಂದು ತಿಳಿದು ಇನ್ನಷ್ಟು ಬಿಗಿದೆ. ಬಿಗಿದಷ್ಟೂ ಒದ್ದೆಯಾಯಿತು, ಒದ್ದೆಯಾದದ್ದಕ್ಕೆ ಬೆಂಕಿ ತಂದೆ.

ಇದ್ದಿಲಿನ ಕೆಂಡದ ಮೇಲೆ ಹೊಗೆ ಕಾಣುವುದಿಲ್ಲ, ಆದ್ದರಿಂದಲೇ ಜನ ಅದನ್ನು ನಂಬುತ್ತಾರೆ. ಕೆಂಡದ ತಳದಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡು ಮೇಲಿನ ಕೆಂಪಗೆ ಕಾಯ್ದ ಇದ್ದಿಲನ್ನು ಹಾದು ಬರುವಾಗ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು; ಮಲಗಿದವರಿಗೆ ಇವೂ ಗೊತ್ತಾಗುವುದಿಲ್ಲ. ತಾಯಂದಿರೇ, ಬಾಣಂತಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಶೇಗಡಿ ಇಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅದನ್ನು ನೋಡಿದಾಗಲೆಲ್ಲ ನಾನು ಕಿಟಕಿ ತೆಗೆಸಿಯೇ ಬರುತ್ತೇನೆ, ಬೈಸಿಕೊಂಡರೂ ಚಿಂತೆಯಿಲ್ಲ.

ಈಗಿನ ಟ್ರೇಲರ್ ಹಿರೇಕೆರೂರಿನ ಬೀಗರು ಮೂಲೆಗೆ ಹಾಕಿದ್ದು. ಅದನ್ನು ಶಿಗ್ಗಾಂವಿಯಲ್ಲಿ ವೆಲ್ಡಿಂಗ್ ಮಾಡಿಸಿ, ತಳದ ತುಕ್ಕು ಕೆರೆಸಿ ಬಣ್ಣ ಹೊಡೆಸಿದೆ. ಕಮಾನಿಗೆ ಕಬ್ಬಿಣದ ಪೈಪು ಹಾಕಿರೆಂದು ಅಂಗಡಿಯವರು ಹೇಳಿದರು. ನಾನು ಬಿದಿರನ್ನೇ ಆರಿಸಿಕೊಂಡೆ. ಮೇಲಿನ ಭಾರ ಕಡಿಮೆಯಾದಷ್ಟೂ ಗುರುತ್ವ ಕೇಂದ್ರ ಕೆಳಗಿರುತ್ತದೆ, ತಗ್ಗು ದಿನ್ನೆಯಲ್ಲಿ ಟ್ರೇಲರ್ ಹೊಯ್ದಾಡುವುದು ಕಡಿಮೆ. ಹಸಿ ಬಿದಿರನ್ನು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಅದರ ಪಿಷ್ಟ ಕರಗಿ ಹೋಗಿ, ಕೊರೆಯುವ ಹುಳಕ್ಕೆ ಆಹಾರವಿಲ್ಲದಂತಾಗುತ್ತದೆ. ಎರಡೂವರೆ ಅಡಿಗೆ ಒಂದರಂತೆ ಕಮಾನು ನಿಲ್ಲಿಸಿ ನಡುವೆ ಉದ್ದ ಗಳ ಕಟ್ಟಿದೆ. ಕಮಾನುಗಳ ಅಂತರ ಹೆಚ್ಚಾದರೆ ತಾಡಪತ್ರಿ ಜೋತು ಬೀಳುತ್ತದೆ, ಜೋತಲ್ಲಿ ನೀರು ನಿಲ್ಲುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 5 ಸೆಂ.ಮೀ. ನೀರು ನಿಂತರೆ ಅದರ ತೂಕ 50 ಕಿಲೋ. ಒಂದು ಮೂಟೆ ಸಿಮೆಂಟು ತಲೆಯ ಮೇಲೆ ತೂಗಿದಂತೆ!

ಹೊದಿಕೆ ಈಗ ಎರಡು ಪದರು. ಹೊರಗೆ ತಾಡಪತ್ರಿ, ಅದರ ಕೆಳಗೆ ನಾಲ್ಕು ಬೆರಳು ಅಂತರ ಬಿಟ್ಟು ಹತ್ತಿಯ ಬಟ್ಟೆ. ಆವಿ ಬಟ್ಟೆಯನ್ನು ದಾಟಿ ಹೋಗಿ ತಾಡಪತ್ರಿಗೆ ಹನಿಗಟ್ಟಿದರೂ ಆ ಹನಿ ಬಟ್ಟೆಯ ಮೇಲೆ ಬಿದ್ದು ಬದಿಗೆ ಇಳಿಯುತ್ತದೆ. ಬಟ್ಟೆಯನ್ನು ಒಳಗಿನಿಂದ ಬೆರಳಿನಿಂದ ಮುಟ್ಟಬಾರದು. ನೂಲಿನ ಸಂದಿಗಳಲ್ಲಿ ಮೇಲ್ಮೈ ಎಳೆತದಿಂದ ನಿಂತ ನೀರು ಮುಟ್ಟಿದಲ್ಲಿ ದಾರಿ ಕಂಡುಕೊಂಡು ತೊಟ್ಟಿಕ್ಕುತ್ತದೆ. ಅಜ್ಜಿಯ ಕಂಬಳಿ ಮತ್ತು ಚಾಪೆ ಇದೇ ಎರಡು ಪದರು ಎಂಬುದು ಹೊಲಿಸುವಾಗ ಹೊಳೆಯಿತು.

ಕಿಂಡಿಗಳ ವಿಷಯ. ನೀರಾವಿಯ ಅಣುಭಾರ 18, ಗಾಳಿಯದು ಸರಾಸರಿ ಸುಮಾರು 29. ಆದ್ದರಿಂದ ಉಸಿರಿನ ಬೆಚ್ಚಗಿನ, ತೇವದ ಗಾಳಿ ಹಗುರ, ಮೇಲಕ್ಕೇರುತ್ತದೆ. ಮುಂದೆ, ಹಿಂದೆ ಎರಡೂ ತುದಿಯ ಕಮಾನಿನ ನೆತ್ತಿಯಲ್ಲಿ ಒಂದು ಗೇಣಿನ ಕಿಂಡಿ ಬಿಟ್ಟು ಅದರ ಮೇಲೆ ಒಂದೂವರೆ ಅಡಿ ಮುಂಚಾಚು ಕೊಟ್ಟಿದ್ದೇನೆ. ಕೆಳಗೆ ಹಿಂಬದಿಯ ಹಲಗೆಯ ಮೇಲೆ ನಾಲ್ಕು ಬೆರಳು ಸಂದಿ. ಕೆಳಗಿನಿಂದ ತಂಪು ಗಾಳಿ ಬಂದು ಮೇಲಿನಿಂದ ಹಸಿ ಗಾಳಿ ಹೋಗುತ್ತದೆ. ಸೊಳ್ಳೆಗೆಂದು ಜಾಳಿಗೆ ಹಾಕಿದೆ, ಬಾಗಿಲು ಹಾಕಲಿಲ್ಲ. ಬಾಗಿಲಿದ್ದರೆ ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ.

ಕಿಂಡಿಯಿಂದ ಮಳೆ ಬಾರದಂತೆ ಮಾಡುವುದು ನಿಲ್ಲಿಸುವ ದಿಕ್ಕಿನಲ್ಲಿದೆ. ಮುಂಗಾರಿನ ಗಾಳಿ ನಮ್ಮಲ್ಲಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ; ಏರಿ ಇಳಿಯುವ ಹಿಂಬದಿ ಪೂರ್ವಕ್ಕಿರಲಿ. ಚಿತ್ತಿ, ಸ್ವಾತಿ ಮಳೆಗಳಲ್ಲಿ ಈ ಲೆಕ್ಕ ತಪ್ಪುತ್ತದೆ, ಗುಡುಗಿನ ಗಾಳಿಗೆ ದಿಕ್ಕಿಲ್ಲ. ಆ ಗುಡುಗು ಕೇಳಿದರೆ ಒಂಟಿ ಮರದ ಕೆಳಗೂ ಬೇಡ, ಈ ಬಿದಿರ ಮನೆಯೂ ಬೇಡ, ಪಕ್ಕಾ ಕಟ್ಟಡ ಸೇರಿರಿ. ನೆಲವನ್ನೂ ನೋಡಬೇಕು. ಹಾನಗಲ್ಲ ಕಡೆ ಮಳೆ ಹೆಚ್ಚು, ಆದರೂ ಮಸಾರಿ ನೆಲದಲ್ಲಿ ಗಾಲಿ ನಿಲ್ಲುತ್ತದೆ. ಸವಣೂರು ಕಡೆ ಮಳೆ ಕಡಿಮೆ, ಆದರೆ ಎರಿ ಮಣ್ಣು ನೀರು ಕುಡಿದು ಉಬ್ಬಿದರೆ ಗಾಲಿಯನ್ನು ಬಿಡುವುದಿಲ್ಲ. 10 ಮಿ.ಮೀ. ಮಳೆಗೆ ಈ ಹೊದಿಕೆಯಿಂದ ಇಳಿಯುವ ನೀರೇ 50 ಲೀಟರ್ ದಾಟುತ್ತದೆ, ಅದೂ ಗಾಲಿಯ ಬುಡಕ್ಕೆ. ಸುತ್ತ ಒಂದು ಕಾಲುವೆ ತೋಡಲೇಬೇಕು.

ಸಣ್ಣದೊಂದು ಉಪಾಯ ಹೇಳಿಬಿಡುತ್ತೇನೆ. ಹೊರಗಿನಿಂದ ಒಳಗೆ ಬರುವ ಹಗ್ಗದ ಗುಂಟ ಮಳೆನೀರು ನಡೆದುಕೊಂಡೇ ಒಳಗೆ ಬರುತ್ತದೆ. ಹೊರಬದಿಯಲ್ಲಿ ಹಗ್ಗಕ್ಕೆ ಗೇಣುದ್ದದ ಸುತಳಿ ತುಂಡು ಕಟ್ಟಿ ಜೋತು ಬಿಡಿರಿ. ನೀರು ಅದನ್ನು ಹಿಡಿದು ಅಲ್ಲೇ ಇಳಿದು ಹೋಗುತ್ತದೆ.

ಜನರನ್ನು ಕೂರಿಸಿಕೊಂಡು ಈ ಟ್ರೇಲರನ್ನು ನಾವು ಎಳೆಯುವುದಿಲ್ಲ. ಸರಕಿನ ವಾಹನದಲ್ಲಿ ಹೀಗೆ ಜನರನ್ನು ಒಯ್ಯಲು ಕಾನೂನು ಒಪ್ಪುವುದಿಲ್ಲ. ಬಹುತೇಕ ಟ್ರೇಲರುಗಳಿಗೆ ಬ್ರೇಕೂ ಇರುವುದಿಲ್ಲ. 1994ರಲ್ಲಿ ನಾವು ಹಾಗೆಯೇ ಹೋದೆವು, ಸುಖವಾಗಿ ಮುಟ್ಟಿದ್ದು ನಮ್ಮ ಪುಣ್ಯ. ಈಗ ಸಾಮಾನು ಟ್ರೇಲರಿನಲ್ಲಿ ಹೋಗುತ್ತದೆ, ಮಂದಿ ಬಸ್ಸಿನಲ್ಲಿ ಹೋಗಿ ಅಲ್ಲಿ ಕೂಡಿಕೊಳ್ಳುತ್ತೇವೆ. ಅಡಿಗೆ ಹೊರಗೆ, ಬೇರೆ ತಾಡಪತ್ರಿಯ ಕೆಳಗೆ.

ವಿಜ್ಞಾನ ವಸ್ತು ಪ್ರದರ್ಶನಕ್ಕೆ ಏನು ಮಾಡಲಿ ಎನ್ನುವ ವಿದ್ಯಾರ್ಥಿಗಳು ಎರಡು ಬೂಟಿನ ಡಬ್ಬಿ ತೆಗೆದುಕೊಳ್ಳಿರಿ. ಮುಚ್ಚಳದ ಬದಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಒಂದಕ್ಕೆ ಮೇಲೊಂದು, ಕೆಳಗೊಂದು ಕಿಂಡಿ ಕೊರೆಯಿರಿ, ಇನ್ನೊಂದನ್ನು ಪೂರ್ತಿ ಮುಚ್ಚಿರಿ. ಎರಡರಲ್ಲೂ ಒಂದೊಂದು ವಾಟಿ ಬಿಸಿ ನೀರಿಟ್ಟು, ಹಾಳೆಯ ಮೇಲೆ ತಣ್ಣೀರಿನ ಅರಿವೆ ಹಾಸಿ ಕಾಲು ತಾಸು ಬಿಟ್ಟು ನೋಡಿರಿ. ಬಿಸಿ ನೀರು ಸುರಿಯುವ ಕೆಲಸ ಮಾತ್ರ ಮನೆಯ ಹಿರಿಯರದು.

ಕಳೆದ ಪುಷ್ಯ ಮಳೆಯಲ್ಲಿ ನಮ್ಮ ಕಣದಲ್ಲೇ ಟ್ರೇಲರ್ ನಿಲ್ಲಿಸಿ ಒಂದು ರಾತ್ರಿ ಪರೀಕ್ಷೆ ಮಾಡಿದೆವು. ನಾಲ್ಕು ಜನ ಮಲಗಿದ್ದೆವು. ನಡುರಾತ್ರಿಯಿಂದ ಮಳೆ ಬಿಡಲಿಲ್ಲ. ಬೆಳಗಿನ ಜಾವ ಎದ್ದು ಬ್ಯಾಟರಿ ಹಿಡಿದು ನೋಡಿದರೆ ತಾಡಪತ್ರಿಯ ಒಳಮೈ ಅಲ್ಲಲ್ಲಿ ಮಂಜುಗಟ್ಟಿತ್ತು, ಬಟ್ಟೆಯ ಕೆಳ ಅಂಚು ಮಾತ್ರ ತೇವವಾಗಿತ್ತು. ಹಾಸಿಗೆ ಒಣಗಿತ್ತು. ಮುಂದಿನ ಕಿಂಡಿಯ ಬಳಿ ಸ್ವಲ್ಪ ಎರಚಲು ಬಂದಿತ್ತು; ಆ ಮುಂಚಾಚನ್ನು ಇನ್ನೂ ಅರ್ಧ ಅಡಿ ಬೆಳೆಸಬೇಕು.

ಸವಣೂರಿಗೆ ಕೊಟ್ಟ ತಂಗಿ ಆ ದಿನ ಮನೆಗೆ ಬಂದಿದ್ದಳು. ಅವಳೂ ಮಲಗಲು ಬಂದಳು. ಒಳಗೆ ಹತ್ತಿ ಮೊದಲು ಹಾಸಿಗೆ ನೋಡಲಿಲ್ಲ. ಮೇಲಿನ ಕಿಂಡಿಗೆ ಅಂಗೈ ಒಡ್ಡಿ ಸ್ವಲ್ಪ ಹೊತ್ತು ನಿಂತಳು. “ಗಾಳಿ ಬರ್ತೈತಿ ಬಿಡಣ್ಣ” ಎಂದು ಹೇಳಿ, ಅದರ ಕೆಳಗೇ ಕೌದಿ ಹಾಸಿಕೊಂಡಳು.